ಕೇಸು ಇದೆಯಂತೆ, ನಿಜವಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದ ಮೇಲಿವೆ. ಒಬ್ಬರ ಮೇಲೆ, ಅಥವಾ ನಮ್ಮ ಮೇಲೇ, ಕ್ರಿಮಿನಲ್ ಕೇಸು ಇದೆಯಾ ಅಂತ ತಿಳಿಯುವುದು ಹೇಗೆ, ಅದರ ಕಾಗದಪತ್ರ ಯಾರನ್ನು ಕೇಳಬೇಕು ಅಂತ. ಹಾಗಾಗಿ ಖಾತೆ, ಪೋಡಿ, ಜೀವನಾಂಶದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಮಗಳಿಗೆ ಒಂದು ಸಂಬಂಧ ಬಂದಿದೆ. ಹುಡುಗ ಪಕ್ಕದ ಜಿಲ್ಲೆಯವನು, ಸ್ವಂತ ವ್ಯಾಪಾರ. ಅವನ ಮೇಲೆ ಹೊಡೆದಾಟದ ಕೇಸು ಇದೆ ಅಂತ ಯಾರೋ ಹೇಳಿದರು. ಅವರ ಮನೆಯವರನ್ನೇ ಕೇಳುವುದಕ್ಕೆ ಮುಜುಗರ. ಸ್ಟೇಷನ್‌ಗೆ ಹೋಗಿ ಕೇಳಿದರೆ ಹೇಳುತ್ತಾರಾ ಸರ್?
— ಒಬ್ಬ ತಂದೆ, ಚಿಕ್ಕಮಗಳೂರು

ಹೇಳುವುದಿಲ್ಲ, ಹೇಳಲೇಬೇಕು ಅನ್ನುವ ನಿಯಮವೂ ಇಲ್ಲ. ಠಾಣೆಗಳನ್ನೆಲ್ಲ ಜೋಡಿಸಿರುವ ಸಿಸಿಟಿಎನ್‌ಎಸ್ ಅನ್ನುವ ವ್ಯವಸ್ಥೆ ಪೊಲೀಸರ ಹತ್ತಿರ ಇದೆ, ಆದರೆ ಅದರಲ್ಲಿ ಹೆಸರು ಹಾಕಿ ಹುಡುಕುವುದು ಅವರಿಗೆ ಮಾತ್ರ ಸಾಧ್ಯ. ಒಬ್ಬ ಮನುಷ್ಯನ ಇಡೀ ಅಪರಾಧ ಚರಿತ್ರೆ ಒಂದೇ ಕಡೆ ಸಾರ್ವಜನಿಕರಿಗೆ ಸಿಗುವ ಜಾಗ ನಮ್ಮ ದೇಶದಲ್ಲಿಲ್ಲ. ಸ್ಟೇಷನ್ನಿಂದ ರೆಕಾರ್ಡ್ ತೆಗೆಸಿ ಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಆ ಕಡೆ ತಲೆ ಹಾಕಬೇಡಿ.

ಕೋರ್ಟಿನ ದಾಖಲೆ ಬೇರೆ. ಇ-ಕೋರ್ಟ್ಸ್ ಸರ್ವಿಸಸ್ ಅಂತ ಸರ್ಕಾರಿ ವೆಬ್‌ಸೈಟ್ ಇದೆ, ಮೊಬೈಲ್ ಆ್ಯಪ್ಪೂ ಇದೆ, ಫೀಸು ಇಲ್ಲ, ಲಾಗಿನ್ನೂ ಬೇಡ. ಕೇಸ್ ಸ್ಟೇಟಸ್ ಅಂತ ಒತ್ತಿ, ಕರ್ನಾಟಕ, ಜಿಲ್ಲೆ, ಆಮೇಲೆ ಕೋರ್ಟ್ ಕಾಂಪ್ಲೆಕ್ಸ್ ಆರಿಸಿಕೊಳ್ಳಿ. ಇಲ್ಲೇ ಜಾಸ್ತಿ ಜನ ಎಡವುವುದು. ಹುಡುಗನ ಊರು ಯಾವ ತಾಲ್ಲೂಕಿಗೆ ಸೇರುತ್ತೋ ಅಲ್ಲಿನ ಕೋರ್ಟನ್ನೂ ನೋಡಬೇಕು, ಜಿಲ್ಲಾ ಕೇಂದ್ರದ್ದನ್ನೂ ನೋಡಬೇಕು, ಅವನು ವ್ಯಾಪಾರ ಮಾಡುವ ಊರು ಬೇರೆ ಇದ್ದರೆ ಅದನ್ನೂ. ಪಾರ್ಟಿ ನೇಮ್ ಅನ್ನುವ ಕಡೆ ಹೆಸರು ಹಾಕಿ, ವರ್ಷ ಹಾಕಿ, ನಡೆಯುತ್ತಿರುವ ಕೇಸು ಮತ್ತು ಮುಗಿದ ಕೇಸು ಎರಡನ್ನೂ ಹುಡುಕಿ. ಒಂದು ಸಲಕ್ಕೆ ಒಂದೇ ವರ್ಷ, ಹಾಗಾಗಿ ವರ್ಷ ಬದಲಿಸುತ್ತಾ ಕೂರಬೇಕು. ಬೇಜಾರಿನ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಹೆಸರನ್ನು ಇಂಗ್ಲಿಷಿನಲ್ಲಿ ಒಂದೇ ತರ ಬರೆದು ಸುಮ್ಮನಾಗಬೇಡಿ. ಮಂಜುನಾಥ ಅನ್ನುವುದನ್ನು ಒಬ್ಬ ಗುಮಾಸ್ತರು ಕೊನೆಗೆ 'ಎ' ಸೇರಿಸಿ ಟೈಪ್ ಮಾಡಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ. ಇನಿಷಿಯಲ್ ಮುಂದೆ, ಹಿಂದೆ, ಇಲ್ಲದೆ, ಅಲಿಯಾಸ್ ಜೊತೆಗೆ, ಎಲ್ಲವನ್ನೂ ಪ್ರಯತ್ನಿಸಿ. ಹೆಸರಿನ ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ ನೋಡುವುದೂ ಒಳ್ಳೆಯದು.

ಕೇಸು ಸಿಕ್ಕಿದರೆ ಅದಕ್ಕೆ 16 ಅಕ್ಷರ-ಅಂಕಿಗಳ ಒಂದು ಸಿಎನ್‌ಆರ್ ನಂಬರ್ ಇರುತ್ತದೆ, ನಮ್ಮ ರಾಜ್ಯದ್ದು 'ಕೆಎ' ಇಂದ ಶುರು. ಅದನ್ನು ಬರೆದಿಟ್ಟುಕೊಳ್ಳಿ, ಮುಂದೆ ಅದೊಂದಿದ್ದರೆ ಸಾಕು. ಒಳಗೆ ಯಾವ ಠಾಣೆ, ಎಫ್‌ಐಆರ್ ನಂಬರ್, ಯಾವ ಸೆಕ್ಷನ್, ಮುಂದಿನ ದಿನಾಂಕ, ಮುಗಿದಿದ್ದರೆ ಹೇಗೆ ಮುಗಿಯಿತು ಅಂತ ಇರುತ್ತದೆ. 'ಸಿ.ಸಿ.' ಅಂತ ನಂಬರ್ ಬಿದ್ದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಕೇಸು, 'ಎಸ್.ಸಿ.' ಅಂದರೆ ಸೆಷನ್ಸ್ ಕೇಸು, ಅಂದರೆ ಸ್ವಲ್ಪ ಗಂಭೀರವಾದದ್ದು. 'ಕ್ರಿಮಿನಲ್ ಮಿಸ್' ಅಂತಿದ್ದರೆ ಅದು ಜಾಮೀನು ಅರ್ಜಿಯಾಗಿರಬಹುದು, ಮೂಲ ಕೇಸು ಬೇರೆ ಕಡೆ ಇರುತ್ತದೆ, ಅದನ್ನೂ ಹುಡುಕಿ. ತೀರ್ಪು ಅಪ್‌ಲೋಡ್ ಆಗಿದ್ದರೆ ಓದಿಬಿಡಿ. ಆರೋಪಿಯ ತಂದೆ ಹೆಸರು, ವಯಸ್ಸು, ಊರು ಸಾಮಾನ್ಯವಾಗಿ ಅದರ ಮೊದಲ ಪುಟದಲ್ಲೇ ಸಿಗುತ್ತದೆ. ಅದನ್ನು ತಾಳೆ ನೋಡದೆ ಇವನೇ ಅವನು ಅಂತ ದಯವಿಟ್ಟು ತೀರ್ಮಾನ ಮಾಡಬೇಡಿ, ಅದೇ ಹೆಸರಿನವರು ಒಂದೊಂದು ತಾಲ್ಲೂಕಿನಲ್ಲೂ ಎಷ್ಟೋ ಜನ ಇರುತ್ತಾರೆ.

ಇಲ್ಲಿ ಏನೂ ಸಿಗಲಿಲ್ಲ ಅಂದರೆ ಕೇಸೇ ಇಲ್ಲ ಅಂತಲ್ಲ. ತನಿಖೆ ಹಂತದಲ್ಲೇ ಇರುವ, ಇನ್ನೂ ಚಾರ್ಜ್‌ಶೀಟ್ ಹಾಕದ ಕೇಸು ಈ ಹುಡುಕಾಟದಲ್ಲಿ ಬರದೇ ಇರಬಹುದು. ಕಂಪ್ಯೂಟರ್‌ಗೆ ಏರದ ಹಳೇ ಕೇಸು ಇರಬಹುದು. ಬೇರೆ ರಾಜ್ಯದಲ್ಲಿ ಇರಬಹುದು. ದುಡ್ಡು ತೆಗೆದುಕೊಂಡು ಹಿನ್ನೆಲೆ ಪರಿಶೀಲನೆ ಮಾಡುವ ಕಂಪನಿಗಳಿಗೂ ಪೊಲೀಸರ ಒಳಗಿನ ದಾಖಲೆ ಸಿಗುವುದಿಲ್ಲ. ಅವರು ಹುಡುಕುವುದೂ ಮುಖ್ಯವಾಗಿ ಇದೇ ಕೋರ್ಟ್ ಮಾಹಿತಿಯಲ್ಲಿ.

ಇನ್ನು ಮುಜುಗರದ ಮಾತು. ಕೇಸ್ ನಂಬರ್ ಕೈಯಲ್ಲಿಟ್ಟುಕೊಂಡು ಹುಡುಗನನ್ನೇ ನೇರವಾಗಿ ಕೇಳಿ ಅಂತ ನನ್ನ ಸಲಹೆ. ಜಮೀನಿನ ಬದುವಿಗೆ ಜಗಳವಾಗಿ ಮನೆಯಲ್ಲಿದ್ದವರ ಹೆಸರನ್ನೆಲ್ಲ ದೂರಿನಲ್ಲಿ ಸೇರಿಸುವುದು ನಮ್ಮ ಕಡೆ ಹೊಸದೇನಲ್ಲ. ಹೆಂಗಸರ ಮೇಲೆ ಕೈ ಮಾಡಿದ ಕೇಸಾದರೆ ಮಾತ್ರ ನಾನು ಇಷ್ಟು ಉದಾರವಾಗಿ ಮಾತಾಡುವುದಿಲ್ಲ.

ಪಕ್ಕದ ಸೈಟಿನವರು ನನ್ನ ಮೇಲೆ ದೂರು ಕೊಟ್ಟಿದ್ದಾರೆ. ಠಾಣೆಯಿಂದ ಫೋನ್ ಬಂತು. ಎಫ್‌ಐಆರ್ ಕಾಪಿ ಕೇಳಿದರೆ ಆಮೇಲೆ ಬನ್ನಿ ಅಂತಾರೆ. ದೂರು ಕೊಟ್ಟವರಿಗೆ ಮಾತ್ರ ಕೊಡುವುದಂತೆ, ಹೌದಾ?
— ಹೆಸರು ಬೇಡ, ತುಮಕೂರು

ಅರ್ಧ ನಿಜ. ದೂರು ಕೊಟ್ಟವರಿಗೆ ಉಚಿತವಾಗಿ ಪ್ರತಿ ಕೊಡಬೇಕು ಅಂತ ಕಾನೂನಿನಲ್ಲೇ ಇದೆ. 2024ರ ಜುಲೈ 1ರಿಂದ ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತಲ್ಲ, ಅದರ 173ನೇ ಸೆಕ್ಷನ್. ಆರೋಪಿಗೂ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಯೂತ್ ಬಾರ್ ಅಸೋಸಿಯೇಷನ್ ಕೇಸಿನಲ್ಲಿ ಹೇಳಿದೆ. ನಿಮ್ಮ ಹೆಸರು ಎಫ್‌ಐಆರ್‌ನಲ್ಲಿದೆ ಅನ್ನುವ ಅನುಮಾನ ಇದ್ದರೂ ಸಾಕು, ನೀವಾಗಲಿ ನಿಮ್ಮ ವಕೀಲರಾಗಲಿ ಠಾಣೆಗೆ ಅಥವಾ ಎಸ್‌ಪಿ ಕಚೇರಿಗೆ ಅರ್ಜಿ ಹಾಕಿ ಫೀಸು ಕಟ್ಟಿದರೆ 24 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ಕೇಳಬೇಡಿ. ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಅದೇ ತೀರ್ಪಿನ ಪ್ರಕಾರ ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು, ಇಂಟರ್ನೆಟ್ ತೊಂದರೆ ಇರುವ ಕಡೆ 72 ಗಂಟೆವರೆಗೆ ಸಮಯ. ಕರ್ನಾಟಕ ಪೊಲೀಸ್ ವೆಬ್‌ಸೈಟಿನಲ್ಲಿ ಜಿಲ್ಲೆ, ಠಾಣೆ, ನಂಬರ್, ವರ್ಷ ಹಾಕಿ ನೋಡಬಹುದು. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಕೇಸುಗಳನ್ನು ಮಾತ್ರ ಹಾಕುವುದಿಲ್ಲ. ಠಾಣೆಯವರು ಸತಾಯಿಸಿದರೆ ಎಫ್‌ಐಆರ್ ಹೇಗೂ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿರುತ್ತದೆ. ಅಲ್ಲಿ ನಕಲು ಅರ್ಜಿ ಹಾಕಿಸಿ, ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ ಅದೇ ತೀರ್ಪಿನಲ್ಲಿದೆ.

ಆದರೆ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮ ಮೇಲೆ ಎಫ್‌ಐಆರ್ ಆಗಿದೆಯಾ? ಸೈಟಿನ ಜಗಳಗಳಲ್ಲಿ ಎಷ್ಟೋ ಸಲ ಎಫ್‌ಐಆರ್ ಆಗಿರುವುದೇ ಇಲ್ಲ. ಸುಮ್ನೆ ಅರ್ಜಿ ವಿಚಾರಣೆ ಅಂತ ಕರೆಸುತ್ತಾರೆ, ಅಥವಾ ಎನ್‌ಸಿಆರ್ ಮಾಡಿ ದೂರುದಾರರಿಗೆ ಹಿಂಬರಹ ಕೊಟ್ಟಿರುತ್ತಾರೆ. ಎನ್‌ಸಿಆರ್ ಅಂದರೆ ಅಸಂಜ್ಞೇಯ ಪ್ರಕರಣ, ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ನಿಮ್ಮದು ಅದಾಗಿದ್ದರೆ ಇಲ್ಲದ ಎಫ್‌ಐಆರ್ ಕಾಪಿಗೆ ಓಡಾಡುತ್ತಿದ್ದೀರಿ ಅಷ್ಟೇ.

ಹತ್ತು ವರ್ಷದ ಹಿಂದೆ ನನ್ನ ಮೇಲೆ ಆಕ್ಸಿಡೆಂಟ್ ಕೇಸು ಆಗಿತ್ತು. ಖುಲಾಸೆ ಆಯಿತು. ಈಗ ಗಲ್ಫ್‌ನಲ್ಲಿ ಕೆಲಸ ಸಿಕ್ಕಿದೆ, ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ (ಪಿಸಿಸಿ) ಕೇಳುತ್ತಿದ್ದಾರೆ. ಹಳೇ ಕೇಸು ಅಡ್ಡ ಬರುತ್ತಾ? ಕೇಸೇ ಇರಲಿಲ್ಲ ಅಂತ ಬರೆದರೆ ಆಗಲ್ವಾ?
— ಓದುಗ, ಉಡುಪಿ

ಕೊನೇ ಪ್ರಶ್ನೆಗೆ ಮೊದಲು ಉತ್ತರ: ಬರೆಯಬೇಡಿ.

ಹೊರದೇಶದ ಕೆಲಸ ಮತ್ತು ದೀರ್ಘಾವಧಿ ವೀಸಾಕ್ಕೆ ಪಿಸಿಸಿ ಬೇಕಾದರೆ ಪಾಸ್‌ಪೋರ್ಟ್ ಸೇವಾ ಮೂಲಕ ಅರ್ಜಿ ಹಾಕುವುದು, ಫೀಸು 500 ರೂಪಾಯಿ, ಪರಿಶೀಲನೆಗೆ ನಿಮ್ಮ ಠಾಣೆಗೆ ಬರುತ್ತದೆ. ಇಲ್ಲೇ ಒಳಗಿನ ಕೆಲಸಕ್ಕೆ ಕೇಳಿದ್ದರೆ ಸೇವಾ ಸಿಂಧು ಮೂಲಕ ಪೊಲೀಸರಿಗೆ ಅರ್ಜಿ. ಎರಡೂ ಬೇರೆ ಬೇರೆ, ಒಂದನ್ನು ಮಾಡಿಸಿ ಇನ್ನೊಂದರ ಜಾಗದಲ್ಲಿ ಕೊಟ್ಟರೆ ನಡೆಯುವುದಿಲ್ಲ. ಪಿಸಿಸಿಯನ್ನು ನಿಮ್ಮ ಹೆಸರಿಗೆ ನೀವೇ ಕೇಳಬೇಕು. (ಮೇಲಿನ ಚಿಕ್ಕಮಗಳೂರಿನ ತಂದೆಯವರೂ ಇದನ್ನು ಗಮನಿಸಿ, ಹುಡುಗನ ಪಿಸಿಸಿ ನೀವು ತೆಗೆಸಲಾಗುವುದಿಲ್ಲ, ಅವನೇ ತೆಗೆಸಿ ತೋರಿಸಬೇಕು.)

ಖುಲಾಸೆಯಾದ ಕೇಸು ಬಾಕಿ ಇರುವ ಕೇಸಲ್ಲ. ತೊಂದರೆ ಬರುವುದು ಠಾಣೆಯ ದಾಖಲೆಯಲ್ಲಿ ಕೊನೆಯ ಸಾಲು ತುಂಬಿಲ್ಲದಿದ್ದಾಗ. ಕೋರ್ಟಿನಲ್ಲಿ ಮುಗಿದಿರುತ್ತದೆ, ಠಾಣೆಯಲ್ಲಿ ಇನ್ನೂ ಬಾಕಿ ಅಂತಲೇ ಉಳಿದಿರುತ್ತದೆ. ಅದಕ್ಕೆ ಪಿಸಿಸಿ ಅರ್ಜಿ ಹಾಕುವ ಮೊದಲೇ ತೀರ್ಪಿನ ಸರ್ಟಿಫೈಡ್ ಕಾಪಿ ತೆಗೆದುಕೊಳ್ಳಿ. ಕೇಸು ನಡೆದ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ, ಜೊತೆಗೆ ಕೋರ್ಟ್ ಫೀ. ಸಿ.ಸಿ. ನಂಬರ್ ಮತ್ತು ತೀರ್ಪಿನ ದಿನಾಂಕ ಇದ್ದರೆ ಕೆಲಸ ಸಲೀಸು. ಹಳೇ ಫೈಲು ರೆಕಾರ್ಡ್ ರೂಮಿಗೆ ಹೋಗಿರುತ್ತದೆ, ಹುಡುಕಿ ತರಿಸುವುದಕ್ಕೆ ದಿನ ಹಿಡಿಯುತ್ತದೆ, ಹಾಗಾಗಿ ವೀಸಾ ಗಡುವು ಇಟ್ಟುಕೊಂಡು ಕೊನೇ ವಾರದಲ್ಲಿ ಓಡಬೇಡಿ. ನಕಲು ಬಂದ ಮೇಲೆ ಒಂದು ಪ್ರತಿಯನ್ನು ಠಾಣೆಗೆ ಕೊಟ್ಟು, ದಾಖಲೆ ಸರಿಪಡಿಸಿ ಅಂತ ಬರೆದು ಸ್ವೀಕೃತಿ ಪಡೆಯಿರಿ.

ಮುಚ್ಚಿಡುವುದು ಯಾಕೆ ಬೇಡ ಅಂದರೆ, ಎಷ್ಟೋ ಸಲ ಕೇಸಿಗಿಂತ ಸುಳ್ಳೇ ದುಬಾರಿಯಾಗುತ್ತದೆ. ಸರ್ಕಾರಿ ಕೆಲಸದ ವಿಷಯದಲ್ಲಿ ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಇದನ್ನೇ ವಿವರವಾಗಿ ಹೇಳಿದೆ. ಕೇಸಿನ ಬಗ್ಗೆ ಕೊಡುವ ಮಾಹಿತಿ ನಿಜವಾಗಿರಬೇಕು, ಮುಚ್ಚಿಡಬಾರದು. ಚಿಕ್ಕಪುಟ್ಟ ಕೇಸಾದರೆ ಕ್ಷಮಿಸುವ ಅವಕಾಶ ಕೆಲಸ ಕೊಡುವವರಿಗೆ ಇದೆ. ನಿಮ್ಮದು ಖಾಸಗಿ ಕೆಲಸ, ಅದೂ ಹೊರದೇಶದ್ದು, ಆದರೂ ಫಾರಂನಲ್ಲಿ ಕೇಳಿದ್ದರೆ "ಕೇಸು ಇತ್ತು, ಖುಲಾಸೆಯಾಗಿದೆ, ತೀರ್ಪು ಲಗತ್ತಿಸಿದೆ" ಅಂತ ಬರೆಯಿರಿ.

ಬಾಡಿಗೆದಾರರ ಮೇಲಿನ ಕೇಸಿನ ಚಾರ್ಜ್‌ಶೀಟ್ ಬೇಕು ಅಂತ ಆರ್‌ಟಿಐ ಹಾಕಿದೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಹೋಯಿತು, ಉತ್ತರ 'ನೀಡಲಾಗದು'. ಅಪೀಲು ಹೋಗಲಾ?
— ಮನೆ ಮಾಲೀಕರು, ಮೈಸೂರು

ಹೋಗಬಹುದು, ಗೆಲ್ಲುವುದು ಕಷ್ಟ. ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನು ಆರ್‌ಟಿಐ ಕಾಯ್ದೆಯ ಸೆಕ್ಷನ್ 8(1)(ಎಚ್) ಕೆಳಗೆ ನಿರಾಕರಿಸಬಹುದು, ಬೇರೆಯವರ ವೈಯಕ್ತಿಕ ಮಾಹಿತಿಗೂ ತಡೆ ಇದೆ. ಚಾರ್ಜ್‌ಶೀಟನ್ನು ಎಲ್ಲರಿಗೂ ಕಾಣುವ ಹಾಗೆ ವೆಬ್‌ಸೈಟಿಗೆ ಹಾಕಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲೇ ಹೇಳಿದೆ. ಎಫ್‌ಐಆರ್‌ಗೆ ಇರುವ ನಿಯಮ ಇದಕ್ಕಿಲ್ಲ.

ಕೋರ್ಟಿನ ಫೈಲಿನಲ್ಲಿರುವ ಕಾಗದಕ್ಕೆ ಆರ್‌ಟಿಐ ದಾರಿಯೇ ಅಲ್ಲ, ಆಯಾ ಕೋರ್ಟಿನ ನಿಯಮದ ಪ್ರಕಾರವೇ ನಕಲು ಕೇಳಬೇಕು ಅಂತ 2020ರಲ್ಲಿ ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ತೀರ್ಪು ಬಂದಿದೆ. ಕೇಸಿಗೆ ಸಂಬಂಧವಿಲ್ಲದವರೂ ನಕಲು ಕೇಳಬಹುದು, ಆದರೆ ಯಾಕೆ ಬೇಕು ಅಂತ ಕಾರಣ ಹೇಳಬೇಕು, ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. "ಬಾಡಿಗೆದಾರ ಹೇಗೋ ಏನೋ ಅಂತ ಕುತೂಹಲ" ಅನ್ನುವುದು ಕಾರಣವಾಗುವುದಿಲ್ಲ. ನಿಮ್ಮ ಮನೆಯಲ್ಲೇ ಅಪರಾಧ ನಡೆದಿದೆ ಅಂತಾದರೆ ಬೇರೆ ಮಾತು.

ಅಂದಹಾಗೆ ನಿಮ್ಮ ಪತ್ರದಲ್ಲಿ 'ಬಿ ರಿಪೋರ್ಟ್ ಹಾಕಿದ್ದಾರಂತೆ' ಅಂತಲೂ ಇದೆ. ಹಾಗಿದ್ದರೆ ಚಾರ್ಜ್‌ಶೀಟ್ ಎಲ್ಲಿಂದ ಬರಬೇಕು? ಬಿ ರಿಪೋರ್ಟ್ ಅಂದರೆ ದೂರಿನಲ್ಲಿ ಹುರುಳಿಲ್ಲ ಅಂತ ಪೊಲೀಸರು ಕೋರ್ಟಿಗೆ ಕೊಡುವ ಮುಕ್ತಾಯ ವರದಿ. ಅಪರಾಧ ನಡೆದಿದೆ ಆದರೆ ಯಾರು ಅಂತ ಪತ್ತೆಯಾಗಲಿಲ್ಲ ಅಂದರೆ ಸಿ ರಿಪೋರ್ಟ್. ಬಿ ರಿಪೋರ್ಟನ್ನು ದೂರುದಾರರು ಕೋರ್ಟಿನಲ್ಲಿ ಪ್ರಶ್ನೆ ಮಾಡಿದ್ದಾರಾ ನೋಡಿಕೊಳ್ಳಿ. ಮಾಡಿಲ್ಲ, ಕೋರ್ಟೂ ಒಪ್ಪಿಕೊಂಡಿದೆ ಅಂದರೆ ನಿಮ್ಮ ಬಾಡಿಗೆದಾರರನ್ನು ಅವರ ಪಾಡಿಗೆ ಬಿಡಿ.

ನಮ್ಮ ಕ್ಷೇತ್ರದ ಅಭ್ಯರ್ಥಿ ಮೇಲೆ ಎಷ್ಟು ಕೇಸಿದೆ ಅಂತ ಎಲ್ಲಿ ಸಿಗುತ್ತೆ?
— ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಇದು ಎಲ್ಲಕ್ಕಿಂತ ಸುಲಭ. ವಿಧಾನಸಭೆ, ಲೋಕಸಭೆಗೆ ನಿಲ್ಲುವವರು ನಾಮಪತ್ರದ ಜೊತೆ ಫಾರಂ 26ರಲ್ಲಿ ಪ್ರಮಾಣಪತ್ರ ಕೊಡಲೇಬೇಕು. ಬಾಕಿ ಕೇಸು, ಶಿಕ್ಷೆಯಾದ ಕೇಸು, ಎಫ್‌ಐಆರ್ ನಂಬರ್, ಕೋರ್ಟು, ಎಲ್ಲ ಅದರಲ್ಲಿರುತ್ತದೆ. ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್‌ನಲ್ಲಿ, ನೋ ಯುವರ್ ಕ್ಯಾಂಡಿಡೇಟ್ ಆ್ಯಪ್‌ನಲ್ಲಿ ನೋಡಿ. ಸಿಕ್ಕ ನಂಬರನ್ನು ಇ-ಕೋರ್ಟ್ಸ್‌ನಲ್ಲಿ ಹಾಕಿ ಈಗ ಯಾವ ಹಂತದಲ್ಲಿದೆ ಅಂತಲೂ ನೋಡಬಹುದು, ಅಲ್ವಾ.

ಮಗ 16ನೇ ವಯಸ್ಸಲ್ಲಿ ಸ್ನೇಹಿತರ ಜೊತೆ ಸೇರಿ ಬೈಕ್ ಕಳವಿನ ಕೇಸಿನಲ್ಲಿ ಸಿಕ್ಕಿದ್ದ. ಬಾಲ ನ್ಯಾಯ ಮಂಡಳಿಯಲ್ಲಿ ಮುಗಿಯಿತು. ಈಗ ಅವನಿಗೆ 22. ಪೊಲೀಸ್ ವೆರಿಫಿಕೇಷನ್‌ನಲ್ಲಿ ಅದು ಬರುತ್ತಾ ಅಂತ ನಿದ್ದೆ ಬರುತ್ತಿಲ್ಲ.
— ಒಬ್ಬ ತಾಯಿ, ದಾವಣಗೆರೆ

ಬರಬಾರದು ಅಮ್ಮ. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಮುಗಿದ ಕೇಸಿನಲ್ಲಿ ಮಗುವಿನ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗ ಮಾಡುವಂತಿಲ್ಲ. ಆ ಕೇಸಿನಿಂದ ಅನರ್ಹತೆಯೂ ಅಂಟಬಾರದು ಅಂತ 24ನೇ ಸೆಕ್ಷನ್‌ನಲ್ಲಿದೆ. 16 ದಾಟಿದವರ ಮೇಲಿನ ಘೋರ ಅಪರಾಧಗಳಿಗೆ ಬೇರೆ ನಿಯಮ ಇದೆ, ಬೈಕ್ ಕಳವು ಅದರಲ್ಲಿ ಸೇರುವುದಿಲ್ಲ. ಮಂಡಳಿಯ ಅಂತಿಮ ಆದೇಶದ ನಕಲು ತೆಗೆದು ಮನೆಯಲ್ಲಿಟ್ಟುಕೊಳ್ಳಿ. ವೆರಿಫಿಕೇಷನ್‌ನಲ್ಲಿ ಯಾರಾದರೂ ಆ ಕೇಸು ಎತ್ತಿದರೆ 74ನೇ ಸೆಕ್ಷನ್ ಹೆಸರಿಸಿ ಎಸ್‌ಪಿ ಕಚೇರಿಗೆ ಬರೆದು ಕೊಡಿ, ಜೊತೆಗೆ ಆ ಆದೇಶದ ಪ್ರತಿ ಇರಲಿ.