ನಲ್ಲಿ ನೀರು ಬರುವ ಹೊತ್ತು ಯಾವುದು?

ಪ್ರಶ್ನೆ: ಮೇಡಂ, ನಾನು ಸಾಫ್ಟ್‌ವೇರ್ ಉದ್ಯೋಗಿ. ಶನಿವಾರ ಬೆಳಗ್ಗೆ ಈಜಿಪುರದಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬನಿಗೆ ಲೆಕ್ಕ ಹೇಳಿಕೊಡುತ್ತೇನೆ. ಸರ್ಕಾರಿ ಶಾಲೆ, ತಾಯಿ ಮನೆಗೆಲಸಕ್ಕೆ ಹೋಗುತ್ತಾರೆ. ಒಂದು ವಾರ ಬಂದರೆ ಎರಡು ವಾರ ನಾಪತ್ತೆ. ಆಸಕ್ತಿ ಇಲ್ಲ ಅಂತ ಬಿಟ್ಟುಬಿಡಲಾ?
– ಓದುಗ, ಕೋರಮಂಗಲ

ಉತ್ತರ: ಮೊದಲು ಒಂದು ವಿಷಯ ಕೇಳಿ: ಅವನ ಬೀದಿಯಲ್ಲಿ ನೀರು ಬರುವುದು ಯಾವಾಗ? ಅಮ್ಮ ಕೆಲಸಕ್ಕೆ ಹೋದ ಮೇಲೆ ಬಿಂದಿಗೆ ಹಿಡಿದು ಸಾಲಲ್ಲಿ ನಿಲ್ಲುವವನು ಅವನೇ ಇರಬಹುದು, ಅಲ್ವಾ?

ನಾನೂ ಹೀಗೇ ಎಡವಿದ್ದೆ. ಹೋಂವರ್ಕ್ ಮಾಡದ ಹುಡುಗಿಯನ್ನು ತಿಂಗಳುಗಟ್ಟಲೆ ಬೈದೆ. ಒಂದು ಸಂಜೆ ಮನೆಗೆ ಹೋದರೆ ಒಂದೇ ಕೋಣೆ. ನೈಟ್ ಶಿಫ್ಟಿನ ಅಣ್ಣ ಮಲಗಿದ್ದ, ಲೈಟ್ ಹಾಕುವಂತಿಲ್ಲ. ಹುಡುಗಿ ಹೊಸ್ತಿಲ ಮೇಲೆ ಕೂತು ಬೀದಿದೀಪದಲ್ಲಿ ಭಿನ್ನರಾಶಿ ಮಾಡುತ್ತಿದ್ದಳು. ಆಮೇಲೆ ನಾನು ಬೈಯಲಿಲ್ಲ. ಕ್ಲಾಸನ್ನೇ ಸಂಜೆಗೆ ಹಾಕಿಕೊಂಡೆ.

ನೀವೂ ಹೊತ್ತು ಬದಲಿಸಿ ನೋಡಿ. ಇನ್ನೊಂದು, ಎಂಟನೇ ಕ್ಲಾಸಲ್ಲೇ ಎನ್‌ಎಂಎಂಎಸ್ ಅಂತ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಬರುತ್ತದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ದಾಟಿರಬಾರದು. ಓದಿಸುವುದಕ್ಕಿಂತ ಕಾಗದಪತ್ರವೇ ಜಾಸ್ತಿ ತಲೆನೋವು. ಆಧಾರ್‌ನಲ್ಲೂ ಶಾಲೆಯ ದಾಖಲಾತಿಯಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಒಂದಕ್ಷರ ತಪ್ಪಿದರೂ ಸುಮ್ನೆ ಅಲೆದಾಟ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ನೀವೇ ಜೊತೆಗೆ ಹೋಗಿ. ಅರ್ಧ ದಿನ ರಜೆ ಹಾಕಿದರೆ ಆ ತಾಯಿಗೆ ಸಂಬಳ ಕಟ್, ನಿಮಗಲ್ಲ.