ಕೈಯಿಂದ ನಡೆಸಿದರೆ ಆಗುವ ಬ್ಯಾಕಪ್ ರಾತ್ರಿ ಏಕೆ ಆಗುವುದಿಲ್ಲ?

ಎದುರಿಗೆ ಕುಳಿತು ನಡೆಸಿದಾಗ ಸರಿಯಾಗಿ ಆಗುವ ಬ್ಯಾಕಪ್, ರಾತ್ರಿ ಟಾಸ್ಕ್ ಶೆಡ್ಯೂಲರ್ (ನಿಗದಿತ ಹೊತ್ತಿಗೆ ಕೆಲಸ ನಡೆಸುವ ವಿಂಡೋಸ್ ಸೌಲಭ್ಯ) ನಡೆಸಿದಾಗ 'ಆಕ್ಸೆಸ್ ಡಿನೈಡ್' ಎನ್ನುತ್ತದೆ, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನೇ ಕೊಟ್ಟುಬಿಡಲೇ ಎಂದು ಕೇಳಿದ್ದೀರಿ. ಕೊಡಬೇಡಿ. ನಾನು ಕೊಟ್ಟಿದ್ದೆ.

2019ರಲ್ಲಿ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದವನು ನಾನೊಬ್ಬನೇ. ಲೆಕ್ಕಪತ್ರವೂ ಎರಕದ ನಕ್ಷೆಗಳೂ ಇದ್ದ ವಿಂಡೋಸ್ ಸರ್ವರ್‌ನಿಂದ ಪಕ್ಕದ ಕೋಣೆಯ ನ್ಯಾಸ್ ಪೆಟ್ಟಿಗೆಗೆ (ನೆಟ್‌ವರ್ಕಿನಲ್ಲಿ ಕಡತ ಇಡುವ ಸಾಧನ) ಪ್ರತಿ ರಾತ್ರಿ ನಕಲು ಹೋಗಬೇಕಿತ್ತು. ನ್ಯಾಸ್‌ನ ಫೋಲ್ಡರ್‌ಗೆ ಝಡ್ ಎಂಬ ಡ್ರೈವ್ ಅಕ್ಷರ ಕೊಟ್ಟು, ಅಂದರೆ ಮ್ಯಾಪ್ ಮಾಡಿ, ಇಟ್ಟಿದ್ದೆ. ಹಗಲು ನನಗೆ ಕಾಣುತ್ತಿದ್ದ ಆ ಡ್ರೈವ್ ರಾತ್ರಿಯ ಟಾಸ್ಕಿಗೆ ಕಾಣುತ್ತಿರಲಿಲ್ಲ, ಏಕೆಂದರೆ ಮ್ಯಾಪ್ ಮಾಡಿದ ಡ್ರೈವ್ ಲಾಗಿನ್ ಆದವರ ಸೆಷನ್‌ಗೆ ಸೇರಿದ್ದೇ ಹೊರತು ಯಂತ್ರಕ್ಕಲ್ಲ. ಇದನ್ನು ತಿಳಿಯುವ ತಾಳ್ಮೆಯಿಲ್ಲದೆ, ಬ್ಯಾಕಪ್‌ನ ಆಜ್ಞೆಗಳಿರುವ ಸ್ಕ್ರಿಪ್ಟಿನಲ್ಲೇ 'ನೆಟ್ ಯೂಸ್' (ನೆಟ್‌ವರ್ಕ್ ಫೋಲ್ಡರ್‌ಗೆ ಸಂಪರ್ಕ ಕೊಡುವ ಆಜ್ಞೆ) ಸಾಲು ಸೇರಿಸಿ ನ್ಯಾಸ್‌ನ ಅಡ್ಮಿನ್ ಪಾಸ್‌ವರ್ಡನ್ನು ಎಲ್ಲರೂ ಓದಬಹುದಾದಂತೆ ಬರೆದೆ. ಬ್ಯಾಕಪ್ ಆಗತೊಡಗಿತು.

ನಿಜವಾಗಿ ನನ್ನನ್ನು ಮುಳುಗಿಸಿದ್ದು ಸ್ಕ್ರಿಪ್ಟಿಗೆ ನಾನು ಸೇರಿಸಿದ ಇನ್ನೊಂದು ಸಾಲು. ನಕಲಿಸುವ ಕೆಲಸ ಮಾಡುತ್ತಿದ್ದ ವಿಂಡೋಸ್ ಆಜ್ಞೆ ರೋಬೋಕಾಪಿ, ಕಡತಗಳನ್ನು ಯಶಸ್ವಿಯಾಗಿ ನಕಲಿಸಿದಾಗ ಫಲಿತಾಂಶದ ಸಂಖ್ಯೆಯಾಗಿ 0 ಅಲ್ಲ, 1 ಹಿಂದಿರುಗಿಸುತ್ತದೆ. 0 ಎಂದರೆ ನಕಲಿಸಲು ಏನೂ ಇರಲಿಲ್ಲವೆಂದು. 8 ಮತ್ತು ಅದಕ್ಕಿಂತ ಮೇಲಿನವು ಮಾತ್ರ ವೈಫಲ್ಯ, 16 ಗಂಭೀರ ವೈಫಲ್ಯ. ಆದರೆ ಟಾಸ್ಕ್ ಶೆಡ್ಯೂಲರ್‌ನ ಫಲಿತಾಂಶದಲ್ಲಿ ದಿನವೂ 1 ಕಾಣುವುದು ನನಗೆ ಕಿರಿಕಿರಿಯಾಗಿ, ಮಾಲೀಕರು ನೋಡಿದರೆ ಏನೆಂದುಕೊಂಡಾರೋ ಎಂಬ ಅಳುಕಿನಿಂದ, ಏನೇ ಆದರೂ 0 ಹಿಂದಿರುಗಿಸುವ ಸಾಲನ್ನು ಸ್ಕ್ರಿಪ್ಟಿನ ಕೊನೆಗೆ ಬರೆದೆ. ಮೇ ತಿಂಗಳಲ್ಲಿ ಒಬ್ಬ ನೌಕರ ಕೆಲಸ ಬಿಟ್ಟಾಗ ಎಲ್ಲ ಪಾಸ್‌ವರ್ಡ್‌ಗಳನ್ನು ಬದಲಿಸಿದವನೂ ನಾನೇ, ಸ್ಕ್ರಿಪ್ಟಿನೊಳಗಿನದನ್ನು ಮರೆತವನೂ ನಾನೇ. ಅಂದಿನಿಂದ 'ನೆಟ್ ಯೂಸ್' ಪ್ರತಿ ರಾತ್ರಿ ದೋಷ 1326 (ಹೆಸರು ಅಥವಾ ಪಾಸ್‌ವರ್ಡ್ ತಪ್ಪು) ಎಂದಿತು, ರೋಬೋಕಾಪಿ 16 ಎಂದಿತು, ನನ್ನ ಕೊನೆಯ ಸಾಲು ಎಲ್ಲವೂ ಸುಸೂತ್ರ ಎಂದಿತು. ಆಗಸ್ಟಿನ ಆ ಮಹಾಮಳೆಯ ವಾರ ವಿದ್ಯುತ್ ಹೋಗಿ ಬಂದು ಸರ್ವರ್‌ನ ಡಿಸ್ಕ್ ಸತ್ತಾಗ ನ್ಯಾಸ್‌ನಲ್ಲಿದ್ದದ್ದು ಮೇ ತಿಂಗಳ ನಕಲು. ಮೂರು ತಿಂಗಳ ವೋಚರ್‌ಗಳನ್ನು ಕಾಗದ ನೋಡಿ ಮತ್ತೆ ಟೈಪ್ ಮಾಡಿದೆವು. ಕೆಲವು ನಕ್ಷೆಗಳನ್ನು ಗ್ರಾಹಕರಿಂದಲೇ ಬೇಡಿ ತರಿಸಿದೆವು.

ಆದ್ದರಿಂದ ಯಾವ ಪಾಸ್‌ವರ್ಡ್ ಕೊಡಲಿ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಪಾಸ್‌ವರ್ಡ್ ತಪ್ಪಿದ್ದರೆ ಸಾಮಾನ್ಯವಾಗಿ ಬರುವುದು 1326. ನಿಮಗೆ ಬಂದಿರುವ 'ಆಕ್ಸೆಸ್ ಡಿನೈಡ್' ಎಂದರೆ ದೋಷ 5, ಅನುಮತಿಯಿಲ್ಲವೆಂದು. ರಾತ್ರಿ ನ್ಯಾಸ್‌ನ ಬಾಗಿಲಿಗೆ ಹೋಗುತ್ತಿರುವವರು ನೀವಲ್ಲ, ಅನುಮತಿಯಿಲ್ಲದ ಬೇರೆ ಯಾವುದೋ ಖಾತೆ. ಟಾಸ್ಕ್ 'ಸಿಸ್ಟಂ' (ವಿಂಡೋಸ್‌ನದೇ ಆಂತರಿಕ ಖಾತೆ) ಹೆಸರಿನಲ್ಲಿ ನಡೆಯುತ್ತಿದೆಯೇ, 'ಡು ನಾಟ್ ಸ್ಟೋರ್ ಪಾಸ್‌ವರ್ಡ್' ಗುರುತಾಗಿದೆಯೇ ನೋಡಿ. ಆ ಗುರುತಿದ್ದರೆ ಟಾಸ್ಕ್ ತನ್ನ ಯಂತ್ರದಾಚೆಗೆ ಏನನ್ನೂ ಮುಟ್ಟಲಾರದು. ಬ್ಯಾಕಪ್‌ಗೆಂದೇ ಒಂದು ಖಾತೆ ತೆರೆದು, ಆ ಒಂದು ಫೋಲ್ಡರ್‌ಗಷ್ಟೇ ಬರೆಯುವ ಹಕ್ಕು ಕೊಡಿ. ಡೊಮೈನ್ (ಎಲ್ಲ ಯಂತ್ರಗಳ ಖಾತೆಗಳನ್ನು ಒಂದೆಡೆ ನಿರ್ವಹಿಸುವ ವ್ಯವಸ್ಥೆ) ಇಲ್ಲದಿದ್ದರೆ ಸರ್ವರ್‌ನಲ್ಲೂ ನ್ಯಾಸ್‌ನಲ್ಲೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇರಲಿ. ಡ್ರೈವ್ ಅಕ್ಷರ ಬಿಟ್ಟು ಪೂರ್ಣ ನೆಟ್‌ವರ್ಕ್ ಮಾರ್ಗ ಬರೆಯಿರಿ. ಅಡ್ಮಿನಿಸ್ಟ್ರೇಟರ್ ಕೊಟ್ಟರೆ ಸರ್ವರ್‌ಗೆ ಹೊಕ್ಕ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೆ ನ್ಯಾಸ್‌ನ ಕೀಲಿಯನ್ನೂ ನೀವೇ ಕೊಟ್ಟಂತೆ.

ಇದೆಲ್ಲ ಆದ ಮೇಲೆ ಒಂದು ರಾತ್ರಿ ನ್ಯಾಸ್‌ನಲ್ಲಿ ಆ ಖಾತೆಗೆ ಬೇಕೆಂದೇ ಬೇರೆ ಪಾಸ್‌ವರ್ಡ್ ಇಟ್ಟು ನಡೆಸಿ. ಬೆಳಿಗ್ಗೆ ಫಲಿತಾಂಶದಲ್ಲಿ ಆಗಲೂ 0 ಕಂಡರೆ, ಖಾತೆಯ ವಿಷಯ ಬದಿಗಿಟ್ಟು ಮೊದಲು ಸ್ಕ್ರಿಪ್ಟಿನ ಕೊನೆಯ ಸಾಲನ್ನು ತಿದ್ದಿ.