ಆರು ತಿಂಗಳು ಕಾಯಬೇಕಾದವರು ಯಾರು?

ಹನುಮಂತನಗರದ ಓದುಗರೊಬ್ಬರ ಪತ್ರದ ಸಾರಾಂಶ: ನಾವು ನಾಲ್ವರು ಗೆಳೆಯರು ಸೇರಿ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಕಡತಗಳನ್ನು (ಲ್ಯಾಟಿನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸಿದವು) ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶ ಬರೆದು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಪರವಾನಗಿಯಲ್ಲಿ ಕೊಟ್ಟಿದ್ದೇವೆ. ಸರ್ವರ್ ಬಾಡಿಗೆ ನಮ್ಮ ಜೇಬಿನಿಂದಲೇ ಹೋಗುತ್ತಿದೆ. ವರ್ಷಕ್ಕೆ 500 ರೂಪಾಯಿ ಕೊಟ್ಟವರಿಗೆ ಹೊಸ ಆವೃತ್ತಿ ಕೂಡಲೇ, ಉಳಿದವರಿಗೆ ಆರು ತಿಂಗಳ ನಂತರ ಎಂದು ನಿಯಮ ಮಾಡಲಿದ್ದೇವೆ. ನಮ್ಮಲ್ಲೊಬ್ಬರು ಇದು ದ್ರೋಹ ಎನ್ನುತ್ತಾರೆ. ನೀವೇನನ್ನುತ್ತೀರಿ? ದಾನಿಗಳ ಹೆಸರನ್ನು ತಂತ್ರಾಂಶ ತೆರೆದೊಡನೆ ಕಾಣುವಂತೆ ಹಾಕಬಹುದೇ?

ಸಂಪಾದಕರ ಉತ್ತರ:

ದ್ರೋಹ ಎನ್ನುವುದು ತೀರಾ ದೊಡ್ಡ ಮಾತು. ದುಡ್ಡು ಕೇಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಮುಕ್ತ ತಂತ್ರಾಂಶ ಚಳವಳಿಯನ್ನು ಹುಟ್ಟುಹಾಕಿದ ರಿಚರ್ಡ್ ಸ್ಟಾಲ್‌ಮನ್ ಅವರೇ 1985ರಲ್ಲಿ ತಾವು ಬರೆದ ಪಠ್ಯ ಸಂಪಾದಕ ತಂತ್ರಾಂಶವಾದ ಇಮ್ಯಾಕ್ಸ್‌ನ ಒಂದು ಟೇಪನ್ನು 150 ಡಾಲರ್‌ಗೆ ಮಾರುತ್ತಿದ್ದರು. ಜಿಪಿಎಲ್ ಕೂಡ ಬೆಲೆ ಕಟ್ಟಬೇಡಿ ಎಂದು ಎಲ್ಲೂ ಹೇಳುವುದಿಲ್ಲ. ಆದರೆ 500 ರೂಪಾಯಿ ಕೊಟ್ಟ ಮೊದಲನೆಯವರೇ ಮರುದಿನ ಅದರ ಪ್ರತಿಯನ್ನು ಚಾಮರಾಜಪೇಟೆಯ ಮುದ್ರಣಾಲಯಗಳಿಗೆಲ್ಲ ಹಂಚಿದರೆ, ಅದೇ ಪರವಾನಗಿಯ ಪ್ರಕಾರ ನೀವು ತಡೆಯುವಂತಿಲ್ಲ. ಹಂಚಿದವರ ಚಂದಾ ರದ್ದು ಮಾಡುತ್ತೇವೆಂದು ಹೆದರಿಸಬಹುದು. ಹಾಗೆ ಮಾಡಿದ ದಿನ ನಿಮ್ಮ ಗೆಳೆಯರ ಮಾತು ನಿಜವಾಗುತ್ತದೆ.

ಕಾನೂನು ಹಾಗಿರಲಿ. ಆರು ತಿಂಗಳು ಕಾಯಬೇಕಾದವರು ಯಾರು ಎಂದು ನೋಡಿ. ನುಡಿಯ ಆಸ್ಕಿ ಕಡತದಲ್ಲಿ ‘ಧರ್ಮ’ ಎಂದು ಬರೆದರೆ ಅರ್ಕಾವತ್ತಿನ ಸಂಕೇತ ‘ಮ’ ಆದ ಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಇಲ್ಲಿ ಎಡವಿದರೆ ಕಣ್ಣಿರುವ ಡಿಟಿಪಿಯವರು ಕರಡು ತಿದ್ದುವಾಗ ಹಿಡಿದುಹಾಕುತ್ತಾರೆ. ಪರದೆಯನ್ನು ಓದಿ ಹೇಳುವ ತಂತ್ರಾಂಶದ ಮೂಲಕ ಪಠ್ಯಪುಸ್ತಕ ಕೇಳುವ ಅಂಧ ವಿದ್ಯಾರ್ಥಿಗೆ ತಪ್ಪು ತಪ್ಪಾಗಿಯೇ ಕಿವಿಗೆ ಬೀಳುತ್ತದೆ. ಪರಿವರ್ತಿಸದ ಆಸ್ಕಿ ಕಡತವಂತೂ ಅವರ ಪಾಲಿಗೆ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ರಾಶಿ. (ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳೂ ಅದೇ ಸ್ಥಿತಿಯಲ್ಲಿ ಬಿದ್ದಿವೆ, ಆದ್ದರಿಂದ ಈ ಉತ್ತರದಲ್ಲಿ ನನ್ನ ಸ್ವಾರ್ಥವೂ ಇದೆ.) ಮುದ್ರಣಾಲಯದವರು 500 ರೂಪಾಯಿ ಕೊಟ್ಟುಬಿಡುತ್ತಾರೆ. ಕಾಯುವವರು ಈ ವಿದ್ಯಾರ್ಥಿಗಳೇ.

ಹಾಗಾದರೆ ದುಡ್ಡು ಎಲ್ಲಿಂದ? ದೇಣಿಗೆ ಡಬ್ಬಿಯೊಂದನ್ನೇ ನಂಬಿ ಕೂರಬೇಡಿ. ಮಾಹಿತಿಯನ್ನು ಗೂಢಲಿಪಿಯಲ್ಲಿ ಕಾಪಾಡುತ್ತ ಅಂತರಜಾಲದ ಅರ್ಧ ವ್ಯವಹಾರವನ್ನೇ ಹೊತ್ತಿದ್ದ ಮುಕ್ತ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್ ಎಂಬುದು ಜನರ ಗಮನಕ್ಕೆ ಬಂದದ್ದು 2014ರಲ್ಲಿ, ಅದರ ಭದ್ರತೆಯಲ್ಲಿದ್ದ ಹಾರ್ಟ್‌ಬ್ಲೀಡ್ ದೋಷ ಬಯಲಾದ ಮೇಲೆ.

ನನ್ನ ಸಲಹೆ ಇಷ್ಟೇ: ಮುಗಿದ ಕೆಲಸಕ್ಕೆ ಸುಂಕ ಹಾಕಬೇಡಿ, ಮುಂದೆ ಮಾಡುವ ಕೆಲಸಕ್ಕೆ ಕೂಲಿ ಕೇಳಿ. ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್ ತಂತ್ರಾಂಶದ ಕಂಪನಿ ಮುಚ್ಚಿದಾಗ ಆ ತಂತ್ರಾಂಶದ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಬಿಡಿಸಿಕೊಳ್ಳಲು ಬಳಕೆದಾರರು 2002ರಲ್ಲಿ ಏಳೇ ವಾರಗಳಲ್ಲಿ 1 ಲಕ್ಷ ಯೂರೋ ಕೂಡಿಸಿದರು. ಬಿಡುಗಡೆಯಾದದ್ದು ಹಣ ಕೊಟ್ಟವರಿಗಷ್ಟೇ ಅಲ್ಲ, ಎಲ್ಲರಿಗೂ. ಅಂಧರು ಬಳಸುವ, ಪರದೆ ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಇನ್ನೂ ಹತ್ತಿರದ ಉದಾಹರಣೆ. 2006ರಲ್ಲಿ ಶುರುವಾದ ಅದು ಇಂದಿಗೂ ಎಲ್ಲರಿಗೂ ಒಂದೇ ಆವೃತ್ತಿ. ದೇಣಿಗೆ, ಅನುದಾನಗಳ ಜೊತೆಗೆ ಅದನ್ನು ರೂಪಿಸುವ ಸಂಸ್ಥೆ ತರಬೇತಿ ಪುಸ್ತಕಗಳನ್ನೂ ದೂರವಾಣಿ ನೆರವನ್ನೂ ಮಾರುತ್ತದೆ.

ನಿಮ್ಮ ಊರಿನಲ್ಲೇ ಗಿರಾಕಿಗಳಿದ್ದಾರೆ. ಹಳೆಯ ಪುಸ್ತಕಗಳ ಕಡತಗಳನ್ನು ಸಿಡಿಯಲ್ಲಿ ತುಂಬಿಟ್ಟುಕೊಂಡು ಏನು ಮಾಡಬೇಕೆಂದು ತೋಚದೆ ಕುಳಿತ ಪ್ರಕಾಶಕರ ಬಳಿ ಹೋಗಿ. ಪುಟಕ್ಕಿಷ್ಟು ಎಂದು ದರ ನಿಗದಿ ಮಾಡಿ, ಪರಿವರ್ತಿಸಿ, ಕರಡು ತಿದ್ದಿ ಕೊಡಿ. ಕರೆ ಮಾಡಿದ ದಿನವೇ ಬಂದು ನೋಡಬೇಕೆಂದರೆ ಅದಕ್ಕೆ ಬೇರೆ ಶುಲ್ಕ. ಈ ಕೆಲಸದಲ್ಲಿ ಸಿಕ್ಕ ದೋಷಗಳ ತಿದ್ದುಪಡಿ ಮಾತ್ರ ಅದೇ ದಿನ ಎಲ್ಲರಿಗೂ ಸಿಗಲಿ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರಲ್ಲಿ ಮುಕ್ತ ತಂತ್ರಾಂಶಗಳಿಗಾಗಿ ವರ್ಷಕ್ಕೆ 10 ಲಕ್ಷ ಡಾಲರ್‌ನ ನಿಧಿಯೊಂದನ್ನು ಘೋಷಿಸಿತು. ಅಂಥ ಕಡೆಯೂ ಅರ್ಜಿ ಹಾಕಿ ನೋಡಿ. ಟ್ರಸ್ಟ್ ನೋಂದಾಯಿಸುವುದಾದರೆ ಲೆಕ್ಕಪರಿಶೋಧಕರನ್ನು ಕಂಡು ದಾನಿಗಳಿಗೆ ಸಿಗುವ ತೆರಿಗೆ ರಿಯಾಯಿತಿಯ ವಿಚಾರ ಮಾತಾಡಿ. ವಿದೇಶದ ಕನ್ನಡಿಗರು ಉತ್ಸಾಹದಿಂದ ಹಣ ಕಳಿಸುತ್ತೇವೆಂದರೆ ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ನಿಯಮ ತಿಳಿಯುವವರೆಗೆ ಕೈ ಚಾಚಬೇಡಿ.

ನೀವು ಕೇಳದ ಒಂದು ಮಾತು ಹೇಳುತ್ತೇನೆ. ಆವೃತ್ತಿ ಎಲ್ಲರಿಗೂ ಒಂದೇ ದಿನ ಸಿಕ್ಕರೂ ಅದರಲ್ಲಿ ಯಾರ ದೂರು ಮೊದಲು ಪರಿಹಾರವಾಗಿದೆ ಎಂಬಲ್ಲಿ ಅಸಮಾನತೆ ನುಸುಳುತ್ತದೆ. ಲಕ್ಷ ಕೊಟ್ಟ ಪ್ರಕಾಶಕರ ಪುಟಸಂಖ್ಯೆಯ ತಕರಾರು ಮುಂದೆ, ಬಿಡಿಗಾಸೂ ಕೊಡದ ವಿದ್ಯಾರ್ಥಿಯ ಅರ್ಕಾವತ್ತು ಹಿಂದೆ. ನಿಮ್ಮ ಸಮಯದ ಮೂರರಲ್ಲಿ ಒಂದು ಪಾಲನ್ನು ಹಣ ಕೊಡದವರ ದೂರುಗಳಿಗೆ ಎಂದು ಮೊದಲೇ ತೆಗೆದಿಡಿ. ಅದನ್ನು ಪ್ರಕಾಶಕರ ಜೊತೆಗಿನ ಒಪ್ಪಂದದಲ್ಲೇ ಬರೆಯಿರಿ. ಬಾಯಿಮಾತಿನಲ್ಲಿ ಬಿಟ್ಟರೆ ಮಾರ್ಚ್ ತಿಂಗಳ ಒತ್ತಡದಲ್ಲಿ ಮೊದಲು ಕರಗುವುದೇ ಆ ಪಾಲು.

ದಾನಿಗಳ ಹೆಸರು ಧಾರಾಳವಾಗಿ ಹಾಕಿ, ಆದರೆ ಒಳಗಿನ ‘ನಮ್ಮ ಬಗ್ಗೆ’ ಪುಟದಲ್ಲಿ. ತೆರೆದೊಡನೆ ಕಾಣುವಂತೆ ಹಾಕಿದರೆ ಅಂಧ ಬಳಕೆದಾರರು ಪ್ರತಿ ಸಲವೂ ಆ ಹೆಸರುಗಳನ್ನು ಕೇಳಿಸಿಕೊಂಡೇ ಕೆಲಸ ಶುರು ಮಾಡಬೇಕಾದೀತು.